ಕೆಡದ ಕಾರಿಗೆ ಕಥೆಯಿಲ್ಲ

ನಮ್ಮ ಬಳಗದಲ್ಲಿ ಮದುವೆ, ಮುಂಜಿ, ಗೃಹಪ್ರವೇಶ ಯಾವುದೇ ಆಗಲಿ, ಊಟ ಮುಗಿದು ಎಲೆಅಡಿಕೆ ತಟ್ಟೆ ಓಡಾಡುವ ಹೊತ್ತಿಗೆ ಗಂಡಸರ ಗುಂಪಿನ ನಟ್ಟನಡುವೆ ಕೂತಿರುವವನು ನನ್ನ ಭಾವ. ಅವನು ವಿದ್ವಾಂಸನಲ್ಲ, ರಾಜಕಾರಣಿಯಲ್ಲ, ಹಾಡುಗಾರನಂತೂ ಮೊದಲೇ ಅಲ್ಲ. ಅವನ ಹತ್ತಿರ ಒಂದು ಜರ್ಮನ್ ಕಾರಿದೆ, ಅಷ್ಟೆ. ಯಾವ ಕಂಪನಿಯದು ಅಂತ ಕೇಳಬೇಡಿ. ಹೇಳಿದರೆ ಕಂಪನಿಯವರು ಬೇಜಾರು ಮಾಡಿಕೊಳ್ಳಲಿ ಬಿಡಲಿ, ನನ್ನ ಅಕ್ಕ ಮಾಡಿಕೊಳ್ಳುತ್ತಾಳೆ. ಆ ಕಾರು ಮೂರು ತಿಂಗಳಿಗೊಂದು ಸಲ ಏನಾದರೊಂದು ಹಚ್ಚಿಕೊಳ್ಳುತ್ತದೆ. ಹಚ್ಚಿಕೊಂಡದ್ದನ್ನು ಭಾವ ಹರಿಕಥೆ ಮಾಡುತ್ತಾನೆ. ಜನ ಮುತ್ತಿಕೊಳ್ಳುತ್ತಾರೆ.

ನಾನು ಆ ಕಡೆ ಕೈ ತೊಳೆಯುವ ನಲ್ಲಿಯ ಪಕ್ಕದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿರುತ್ತೇನೆ. ನನ್ನದು 2003ರ ಕ್ವಾಲಿಸ್. ಪಾಪ ಅಂತ ಯಾರಾದರೂ ನನ್ನನ್ನೂ ಕೇಳುವುದುಂಟು. ‘ನಿಮ್ಮ ಗಾಡಿ ಹೇಗಿದೆ?’ ಇದೆ ಅನ್ನುತ್ತೇನೆ. ‘ಏನಾದರೂ ತೊಂದರೆ?’ ಇಲ್ಲ ಅನ್ನುತ್ತೇನೆ. ಮಾತು ಅಲ್ಲಿಗೆ ಮುಗಿಯಿತು. ಅವರು ಒಂದು ಕ್ಷಣ ಮರ್ಯಾದೆಗೆ ನಿಂತು, ಕೈ ಒರೆಸಿಕೊಂಡು, ಭಾವನ ಕಡೆಗೆ ಹೋಗುತ್ತಾರೆ. ಇಪ್ಪತ್ತು ವರ್ಷಕ್ಕೂ ಮಿಕ್ಕಿ ಕಾರು ಇಟ್ಟುಕೊಂಡು, ಮೂರು ಲಕ್ಷ ಚಿಲ್ಲರೆ ಕಿಲೋಮೀಟರ್ ಓಡಿಸಿ, ಹೇಳಿಕೊಳ್ಳಲು ಒಂದು ಕಥೆಯಿಲ್ಲ ಅಂದರೆ ಅದೆಂಥ ಬಾಳು ಹೇಳಿ.

ಭಾವನ ಕಥೆಗಳಲ್ಲಿ ಅತ್ಯಂತ ಜನಪ್ರಿಯವಾದದ್ದು ನೆಲಮಂಗಲ ಟೋಲ್ ಪ್ರಸಂಗ. ಹಾಸನಕ್ಕೆ ಹೊರಟಿದ್ದಾನೆ. ಟೋಲ್ ಗೇಟಿಗೆ ಬಂದಿದ್ದಾನೆ. ಫಾಸ್ಟ್ಯಾಗ್ ದುಡ್ಡು ಕಟ್ ಆಯಿತು. ಅಡ್ಡಕೋಲು ಎದ್ದಿತು. ‘ಕೋಲು ಎದ್ದಿತು, ಕಾರು ಏಳಲಿಲ್ಲ!’ ಇಲ್ಲಿ ಒಂದು ನಿಲುಗಡೆ ಕೊಡುತ್ತಾನೆ. ಡ್ಯಾಶ್‌ಬೋರ್ಡಿನಲ್ಲಿ ದಸರಾ ಅರಮನೆ ಹಾಗೆ ದೀಪ ಹತ್ತಿದವಂತೆ. ಕೆಂಪು, ಹಳದಿ, ಥರ್ಮಾಮೀಟರಿನ ಚಿತ್ರ. ಬಾನೆಟ್ ಕೆಳಗಿಂದ ಇಡ್ಲಿ ಪಾತ್ರೆಯ ಹಬೆ. ಹಿಂದೆ ಐರಾವತ ಬಸ್ಸಿನವನು ಹಾರ್ನ್ ಒತ್ತಿ ಹಿಡಿದಿದ್ದಾನೆ. ಟೋಲ್ ಹುಡುಗರೆಲ್ಲ ಸೇರಿ ತಳ್ಳಿದರು. ಆಮೇಲೆ ಟೋಯಿಂಗ್ ಗಾಡಿ, ಸರ್ವಿಸ್ ಸೆಂಟರು, ಅಲ್ಲಿ ಏಸಿ, ಕಾಫಿ, ಟೈ ಕಟ್ಟಿದ ಹುಡುಗ. ಅವನು ಲ್ಯಾಪ್‌ಟಾಪ್ ಚುಚ್ಚಿ ನೋಡಿ, ‘ಸರ್, ಕೂಲಂಟ್ ಲೀಕ್’ ಅಂದನಂತೆ. ಅದು ಹಬೆ ನೋಡಿದ ಟೋಲ್ ಹುಡುಗನಿಗೂ ಗೊತ್ತಿತ್ತು.

ಈಗ ಭಾವ ಜೇಬಿಗೆ ಕೈ ಹಾಕುತ್ತಾನೆ. ಸಭೆ ಕುತ್ತಿಗೆ ಉದ್ದ ಮಾಡುತ್ತದೆ. ಒಂದು ಪುಟ್ಟ ಜಿಪ್ ಕವರ್, ಅದರೊಳಗೆ ಹೆಬ್ಬೆರಳಿನಷ್ಟು ಉದ್ದದ, ಮೊಣಕೈ ಹಾಗೆ ಬಾಗಿದ ಕಪ್ಪು ಪ್ಲಾಸ್ಟಿಕ್ ಕೊಳವೆ. ಅಂಚಿನಲ್ಲಿ ಕೂದಲೆಳೆಯಷ್ಟು ಸೀಳು. ಕೊಳವೆಗೆ ಒಂಬೈನೂರು ರೂಪಾಯಿ. ಅದನ್ನು ಮುಟ್ಟಬೇಕಾದರೆ ಮುಂದಿನ ಬಂಪರು, ಲೈಟು, ರೇಡಿಯೇಟರು ಎಲ್ಲ ಬಿಚ್ಚಬೇಕು. ಅದಕ್ಕೆ ಮೂವತ್ತೆಂಟು ಸಾವಿರ. ಬಿಡಿಭಾಗ ಬರಲು ಹದಿನೇಳು ದಿನ. ಕವರ್ ಕೈಯಿಂದ ಕೈಗೆ ತೀರ್ಥಪ್ರಸಾದದ ಹಾಗೆ ದಾಟುತ್ತದೆ. ಮಕ್ಕಳು ಮೂಸಿ ನೋಡುತ್ತವೆ. ಯಾರೋ ಹಿರಿಯರು ‘ಛೆ ಛೆ, ಇಷ್ಟು ಚಿಕ್ಕದು!’ ಅನ್ನುತ್ತಾರೆ. ಆ ಕ್ಷಣದಲ್ಲಿ ಭಾವನ ಮುಖ ನೋಡಬೇಕು ನೀವು. ಮೂವತ್ತೊಂಬತ್ತು ಸಾವಿರ ವಸೂಲಾಗಿ ಬಡ್ಡಿಯೂ ಬಂದ ಮುಖ.

ನನ್ನ ಕ್ವಾಲಿಸ್‌ಗೆ ಇಂಥ ಸೌಭಾಗ್ಯ ಎಲ್ಲಿಂದ ಬರಬೇಕು? ಅದು ಹುಟ್ಟಿದಾಗಲೇ ಮುದುಕ. ಬಿಡದಿಯ ಕಾರ್ಖಾನೆಯಿಂದ 2000ದ ಜನವರಿಯಲ್ಲಿ ಮಾರುಕಟ್ಟೆಗೆ ಬಂದಾಗ ಪೇಪರಿನವರೆಲ್ಲ ಮೂಗು ಮುರಿದಿದ್ದರು. ಇಂಡೋನೇಷ್ಯಾದಲ್ಲಿ ‘ಕಿಜಾಂಗ್’ ಅನ್ನುವ ಹೆಸರಿನಲ್ಲಿ ಓಡಿ ಓಡಿ ಹಳತಾದ ಮಾದರಿ ಅದು. ಬ್ರೆಡ್ ಡಬ್ಬಿಗೆ ಚಕ್ರ ಹಾಕಿದ ಹಾಗಿದೆ, 2.4 ಲೀಟರಿನ ಡೀಸೆಲ್ ಇಂಜಿನ್ ಇಟ್ಟುಕೊಂಡು 75 ಅಶ್ವಶಕ್ತಿ ಕೊಡಲು ನಾಚಿಕೆಯಾಗುವುದಿಲ್ಲವೇ ಎಂಬ ಧಾಟಿ. ನಾಚಿಕೆಯೇನೂ ಆಗಲಿಲ್ಲ. ಅಷ್ಟು ದೊಡ್ಡ ಇಂಜಿನ್ನಿನಿಂದ ಅಷ್ಟೇ ಅಷ್ಟು ಕೆಲಸ ತೆಗೆಸಿದ್ದೇ ಅದರ ಗುಟ್ಟು. ಹತ್ತು ಮೂಟೆ ಹೊರಬಲ್ಲ ಎತ್ತಿಗೆ ನಾಲ್ಕೇ ಮೂಟೆ ಹೇರಿದ ಹಾಗೆ. ಎತ್ತು ಏದುಸಿರು ಬಿಡುವುದೇ ಇಲ್ಲ, ಮೆಲುಕು ಹಾಕಿಕೊಂಡೇ ಊರು ಸೇರುತ್ತದೆ. ಭಾವನ ಕಾರಿನಲ್ಲಿ ಇದಕ್ಕಿಂತ ಸಣ್ಣ ಇಂಜಿನ್ ಇದಕ್ಕೆ ಎರಡರಷ್ಟು ಶಕ್ತಿ ಕೊಡುತ್ತದೆ. ಟರ್ಬೋ ಇದೆ, ಒತ್ತಡ ಇದೆ, ಕಾವು ಇದೆ. ಆ ಕಾವಿನ ಪಕ್ಕದಲ್ಲೇ ತೂಕ ಉಳಿಸಲೆಂದು ಪ್ಲಾಸ್ಟಿಕ್ ಕೊಳವೆ ಇದೆ. ವರ್ಷಗಟ್ಟಲೆ ಬೆಂದು ಬೆಂದು ಅದು ಹಪ್ಪಳವಾಗುತ್ತದೆ. ಒಂದು ದಿನ ಟೋಲ್ ಗೇಟಿನಲ್ಲಿ ಮುರಿಯುತ್ತದೆ.

ಜಪಾನಿನವರಿಗೆ ಈ ಮುರಿಯದಿರುವ ಹುಚ್ಚು ಕಾರಿನಿಂದ ಬಂದದ್ದಲ್ಲ, ಮಗ್ಗದಿಂದ ಬಂದದ್ದು. ಸಕಿಚಿ ಟೊಯೊಡಾ 1924ರಲ್ಲಿ ಒಂದು ಸ್ವಯಂಚಾಲಿತ ಮಗ್ಗ ಮಾಡಿದ. ನೂಲು ಹರಿದರೆ ಅದು ತನ್ನಷ್ಟಕ್ಕೆ ತಾನೇ ನಿಲ್ಲುತ್ತಿತ್ತು. ಹರಿದ ನೂಲಿನ ಮೇಲೆ ಬಟ್ಟೆ ನೇಯ್ದುಕೊಂಡು ಹೋಗುವ ಮಾತೇ ಇಲ್ಲ. ಅದೇ ಬುದ್ಧಿ ಕಾರಿನ ಕಾರ್ಖಾನೆಗೂ ಬಂತು. ಸಾಲಿನಲ್ಲಿ ನಿಂತ ಕೆಲಸಗಾರನ ತಲೆಯ ಮೇಲೊಂದು ಹಗ್ಗ, ಹೆಸರು ಆಂಡನ್. ಬೋಲ್ಟು ಸರಿಯಾಗಿ ಕೂರಲಿಲ್ಲವೋ, ಹಗ್ಗ ಎಳಿ. ಮೇಲಿನವನು ಓಡಿ ಬರುತ್ತಾನೆ. ಅಲ್ಲೇ ಬಗೆಹರಿಯದಿದ್ದರೆ ಇಡೀ ಸಾಲೇ ನಿಲ್ಲುತ್ತದೆ. ನಮ್ಮ ಕಡೆ ಕೆಲಸ ನಿಲ್ಲಿಸಿದವನನ್ನು ಬೈಯುತ್ತಾರೆ, ಅಲ್ಲಿ ನಿಲ್ಲಿಸದವನನ್ನು ಬೈಯುತ್ತಾರೆ. ಅಂದ ಹಾಗೆ ಟೊಯೊಟಾ ಬಳಗದವರು ಕಿರ್ಲೋಸ್ಕರ್ ಜತೆಗೂಡಿ ಬೆಂಗಳೂರಿನಲ್ಲಿ ಮೊದಲು ಕೈಯಿಟ್ಟದ್ದೂ ನೂಲಿನ ಯಂತ್ರಕ್ಕೇ, ಕಾರು ಆಮೇಲೆ.

ಇದನ್ನೆಲ್ಲ ನಾನು ಒಂದು ಸಲ ಭಾವನ ಸಭೆಯಲ್ಲಿ ಹೇಳಲು ಹೋದೆ. ಮಗ್ಗದವರೆಗೆ ಬಂದಾಗ ಮೂವರು ಎದ್ದು ಐಸ್‌ಕ್ರೀಮಿಗೆ ಹೋದರು.

ನಮ್ಮ ಗ್ಯಾರೇಜಿನ ಮೇಸ್ತ್ರಿ ಇದನ್ನೇ ಮೂರು ಮಾತಿನಲ್ಲಿ ಹೇಳುತ್ತಾರೆ. ಅವರು ಓದಿದ್ದು ಏಳನೇ ಕ್ಲಾಸು, ಬಿಚ್ಚಿದ್ದು ಏಳು ದೇಶದ ಗಾಡಿ. ‘ಸಾರ್, ಯುರೋಪ್ ಗಾಡಿ ಅಂದ್ರೆ ಬೀಗರು ಇದ್ದ ಹಾಗೆ. ಹೊತ್ತಿಗೆ ಸರಿಯಾಗಿ ಬಿಸಿನೀರು ಕೊಟ್ರಿ, ಕಾಫಿ ಕೊಟ್ರಿ, ಹಾಸಿಗೆ ಹಾಸಿದ್ರಿ, ಅಂಥ ಮಂದಿ ಇಲ್ಲ. ಒಂದು ಹೊತ್ತು ಮರೆತ್ರೆ ಮುಖ ಊದಿಸಿ ಕೂತ್ಕೊಳ್ತವೆ. ಜಪಾನ್ ಗಾಡಿ ಮನೆ ಮಗ. ತಂಗಳು ಹಾಕಿದ್ರೂ ಉಂಡು ಕೆಲಸಕ್ಕೆ ಹೋಗ್ತದೆ.’ ಇಷ್ಟು ಹೇಳಿ ಒಂದು ಬೀಡಿ ಹಚ್ಚಿ, ‘ನಮಗೆ ಬೀಗರೇ ಇರ್ಲಿ ಸಾರ್, ಮನೆ ಮಗನ್ನ ನಂಬಿದ್ರೆ ಗ್ಯಾರೇಜ್ ಮುಚ್ಚಬೇಕಾಗ್ತದೆ’ ಅಂದರು. ನನ್ನ ಕ್ವಾಲಿಸ್ ಆಯಿಲ್ ಬದಲಿಸಲು ಹೋದಾಗಲೆಲ್ಲ ಅವರು ನನ್ನನ್ನು ನೋಡುವ ನೋಟದಲ್ಲಿ ಒಂದು ಸಣ್ಣ ಬೇಸರ ಇರುತ್ತದೆ.

ಮೇಸ್ತ್ರಿಯ ಮಾತಿನಲ್ಲಿ ಅರ್ಥವಿದೆ. ಜರ್ಮನಿಯಲ್ಲಿ ಹೊಸ ಕಾರುಗಳಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ನೋಂದಣಿಯಾಗುವುದು ಕಂಪನಿಗಳ ಹೆಸರಿನಲ್ಲಿ. ಗುಮಾಸ್ತ ಓಡಿಸುತ್ತಾನೆ, ಕಂಪನಿ ಬಾಡಿಗೆ ಕಟ್ಟುತ್ತದೆ, ಮೂರು ನಾಲ್ಕು ವರ್ಷಕ್ಕೆ ಬೀಗದ ಕೈ ಹಿಂತಿರುಗಿಸಿ ಹೊಸದು ಹತ್ತುತ್ತಾನೆ. ಸರ್ವಿಸು ದಿನಾಂಕ ತಪ್ಪುವ ಪ್ರಶ್ನೆಯೇ ಇಲ್ಲ. ಹೀಗಿರುವಾಗ ಕಾರು ಮಾಡುವವನ ಕಣ್ಣು ಯಾರ ಮೇಲಿರಬೇಕು? ಬಾಗಿಲು ಹಾಕಿದರೆ ‘ಧಪ್’ ಅನ್ನಬೇಕು, ಆಟೋಬಾನ್‌ನಲ್ಲಿ ಇನ್ನೂರರ ವೇಗದಲ್ಲಿ ಹೋದರೂ ಸ್ಟೀರಿಂಗ್ ಅಲ್ಲಾಡಬಾರದು ಅನ್ನುವ ಮೊದಲನೆಯವನ ಮೇಲೆ. ಹನ್ನೆರಡನೇ ವರ್ಷದಲ್ಲಿ ಮೂರನೇ ಕೈಯಿಂದ ಕೊಂಡು, ಸರ್ವಿಸನ್ನು ಯುಗಾದಿಯಿಂದ ದೀಪಾವಳಿಗೆ ತಳ್ಳುವ ನನ್ನ ಭಾವನಂಥವನನ್ನು ಸ್ಟುಟ್‌ಗಾರ್ಟಿನ ಯಾವ ಇಂಜಿನಿಯರೂ ಕನಸಿನಲ್ಲಿ ಕಂಡಿರಲಾರ. ಕಂಡಿದ್ದರೆ ಬೆಚ್ಚಿ ಎದ್ದಿರುತ್ತಾನೆ. ‘ಸಿಂಗಲ್ ಓನರ್, ಡಾಕ್ಟರ್ ಓಡಿಸಿದ ಗಾಡಿ’ ಅಂತ ಹೇಳಿ ಇವನಿಗೆ ಆ ಕಾರು ಕಟ್ಟಿದರು. ಡಾಕ್ಟರು ಮಾರಿದ್ದು ಯಾಕೆ ಅಂತ ಇವನು ಕೇಳಲಿಲ್ಲ. ರೋಗ ಮೊದಲು ತಿಳಿಯುವುದು ಡಾಕ್ಟರಿಗೇ ಅಲ್ಲವೇ?

ಜಪಾನಿನಲ್ಲೂ ಯಾರೂ ಕಾರನ್ನು ಮೊಮ್ಮಕ್ಕಳಿಗೆ ಬಿಟ್ಟು ಹೋಗುವುದಿಲ್ಲ. ‘ಶಾಕೆನ್’ ಅಂತ ಅಲ್ಲೊಂದು ತಪಾಸಣೆ; ಹೊಸ ಕಾರಿಗೆ ಮೊದಲು ಮೂರು ವರ್ಷಕ್ಕೆ, ಆಮೇಲೆ ಎರಡೆರಡು ವರ್ಷಕ್ಕೆ. ಪ್ರತಿ ಸಲವೂ ಜೇಬು ಹಗುರ. ಬೇಸತ್ತು ಚೆನ್ನಾಗಿರುವ ಕಾರನ್ನೇ ಹಡಗು ಹತ್ತಿಸುತ್ತಾರೆ. ಅಲ್ಲಿ ಏಳು ವರ್ಷ ಆಫೀಸಿಗೆ ಹೋಗಿ ಬಂದ ಟೊಯೊಟಾ ಪ್ರೋಬಾಕ್ಸ್ ಕೀನ್ಯಾದಲ್ಲಿ ಇಳಿದು, ನೆತ್ತಿಯವರೆಗೂ ಮಿರಾ ಎಂಬ ಜಗಿಯುವ ಸೊಪ್ಪಿನ ಮೂಟೆ ತುಂಬಿಕೊಂಡು ಗುಡ್ಡಗಾಡಿನಿಂದ ನೈರೋಬಿ ಕಡೆಗೆ ಹಾರುತ್ತದೆ. ಜಪಾನಿ ಕಾರಿನ ಬಾಳಿಕೆಗೆ ನಿಜವಾದ ಪರೀಕ್ಷಕರು ಆಫ್ರಿಕಾದವರೇ. ನಮ್ಮಲ್ಲಿ ಹಳದಿ ಬೋರ್ಡಿನ ಇನ್ನೋವಾದವರು. ವಿಮಾನ ನಿಲ್ದಾಣದಿಂದ ಧರ್ಮಸ್ಥಳಕ್ಕೆ ಯಾವುದೇ ಇನ್ನೋವಾ ಹತ್ತಿ, ಕುಣಿಗಲ್ ದಾಟುವುದರೊಳಗೆ ಈ ಮಾತು ಬರದಿದ್ದರೆ ಕೇಳಿ: ‘ನಾಲ್ಕೂವರೆ ಲಕ್ಷ ಓಡಿದೆ ಸಾರ್, ಇಂಜಿನ್‌ಗೆ ಕೈ ಹಾಕಿಲ್ಲ.’ ಮಗ ಪಿಯುಸಿಯಲ್ಲಿ ರ‍್ಯಾಂಕ್ ಬಂದ ಅನ್ನುವ ದನಿ. 2005ರಲ್ಲಿ ಕ್ವಾಲಿಸ್ ನಿಲ್ಲಿಸಿ ಇನ್ನೋವಾ ತಂದಾಗ ಟ್ಯಾಕ್ಸಿಯವರು ಕ್ವಾಲಿಸ್‌ಗೆ ಸೂತಕ ಹಿಡಿದಿದ್ದರು. ಅದೇ ಟ್ಯಾಕ್ಸಿಯವರು ಈಗ ಹಳೇ ಇನ್ನೋವಾ ಮುಟ್ಟಿ ನಮಸ್ಕಾರ ಮಾಡುತ್ತಾರೆ.

ಭಾವ ಸುಮ್ಮನೆ ಸೋಲುವವನಲ್ಲ. ಹೋದ ತಿಂಗಳು ನಾಮಕರಣದ ಮನೆಯಲ್ಲಿ ಮೊಬೈಲ್ ತೆಗೆದೇ ಬಿಟ್ಟ. ‘ಜಗತ್ತಿನಲ್ಲಿ ಅತಿ ಹೆಚ್ಚು ಓಡಿದ ಕಾರು ಯಾವುದು ಹೇಳು?’ ನಾನು ಬಾಯಿ ತೆರೆಯುವ ಮೊದಲೇ ಅವನೇ ಹೇಳಿದ. ಅಮೆರಿಕದ ಅರ್ವ್ ಗಾರ್ಡನ್ ಎಂಬ ಮೇಷ್ಟ್ರು 1966ರಲ್ಲಿ ಕೊಂಡ ವೋಲ್ವೋ ಪಿ1800, ಸ್ವೀಡನ್ನಿನದು, 2013ರಲ್ಲಿ 30 ಲಕ್ಷ ಮೈಲಿ ದಾಟಿತು. ಕಿಲೋಮೀಟರಲ್ಲ, ಮೈಲಿ! ಗಿನ್ನೆಸ್ ದಾಖಲೆ. ಇನ್ನು ಗ್ರೀಸಿನ ಒಬ್ಬ ಟ್ಯಾಕ್ಸಿಯವನ 1976ರ ಮರ್ಸಿಡಿಸ್ 240ಡಿ, 46 ಲಕ್ಷ ಕಿಲೋಮೀಟರ್ ಓಡಿ, 2004ರಲ್ಲಿ ಕಂಪನಿಯ ಮ್ಯೂಸಿಯಂ ಸೇರಿತು. ‘ಎಲ್ಲಿ ಹೋದ ನಿನ್ನ ಜಪಾನಿ?’

ನಿಜ, ಎರಡೂ ಯುರೋಪಿನವು. ನಾನು ತಲೆ ಬಗ್ಗಿಸಿದೆ. ಆದರೆ ಆ ಮೇಷ್ಟ್ರು ಏನು ಮಾಡುತ್ತಿದ್ದರು ಅನ್ನುವುದನ್ನು ಭಾವ ಓದಿರಲಿಲ್ಲ. ಕಾರಿನ ಜತೆ ಬಂದ ಕೈಪಿಡಿಯನ್ನು ಅವರು ನಿತ್ಯಪೂಜೆಯ ಕ್ರಮದ ಹಾಗೆ ಪಾಲಿಸಿದರು. ಆಯಿಲ್ ಅಂದರೆ ಆಯಿಲ್, ಹೊತ್ತು ಅಂದರೆ ಹೊತ್ತು. ಮೊದಲ ಸಲ ಇಂಜಿನ್ ಬಿಚ್ಚಿ ಕಟ್ಟಿಸಿದ್ದು 6,80,000 ಮೈಲಿಯ ಹತ್ತಿರ. ಬೀಗರನ್ನು ಹಾಗೆ ನೋಡಿಕೊಂಡರೆ ಯಾಕೆ ಉಳಿಯುವುದಿಲ್ಲ?

‘ಸರಿ, ಮೇಷ್ಟ್ರು ಬಿಡು. ಐರಾವತ ಯಾರದು?’ ಇದು ಭಾವನ ಬ್ರಹ್ಮಾಸ್ತ್ರ. ನೆಲಮಂಗಲದಲ್ಲಿ ತನ್ನ ಹಿಂದೆ ಹಾರ್ನ್ ಹೊಡೆದ ಬಸ್ಸನ್ನೇ ಸಾಕ್ಷಿಗೆ ಕರೆದಿದ್ದ. ಅದೂ ನಿಜವೇ. ಐರಾವತ ವೋಲ್ವೋ; ಸ್ವೀಡನ್ನಿನ ಬುದ್ಧಿ, ನಮ್ಮ ಹೊಸಕೋಟೆಯ ಕಾರ್ಖಾನೆಯ ಕೈ. ರಾತ್ರಿಯೆಲ್ಲ ಘಾಟಿ ಹತ್ತಿಳಿದು ಬೆಳಗ್ಗೆ ಮಂಗಳೂರಿನಲ್ಲಿ ಮುಖ ತೊಳೆಯುವ ಗಾಡಿ. ನಾನು ಹೇಳಿದೆ: ‘ಭಾವ, ಐರಾವತಕ್ಕೆ ಡಿಪೋ ಇದೆ. ಗಾಡಿ ಬಂದ ಕೂಡಲೇ ಒಬ್ಬ ಅಡಿಗೆ ತೂರುತ್ತಾನೆ, ಒಬ್ಬ ಗಾಳಿ ನೋಡುತ್ತಾನೆ, ಒಬ್ಬ ಪುಸ್ತಕದಲ್ಲಿ ಬರೆಯುತ್ತಾನೆ. ನಿನ್ನ ಕಾರಿಗೆ ಯಾರಿದ್ದಾರೆ? ಅಕ್ಕ ಕೊಳವೆ ನೀರಿನಲ್ಲಿ ತೊಳೆದದ್ದೇ ಕೊನೆಯ ಸರ್ವಿಸು.’ ಅಕ್ಕ ಅಡಿಗೆಮನೆಯಿಂದಲೇ ‘ಅದೂ ಗೌರಿ ಹಬ್ಬಕ್ಕೆ’ ಅಂದಳು. ಜೀವನದಲ್ಲಿ ಮೊದಲ ಸಲ ನನ್ನ ಮಾತಿಗೆ ಸಭೆ ನಕ್ಕಿತು. ನನಗೆ ಸ್ವಲ್ಪ ತಲೆ ತಿರುಗಿತು.

ತಿರುಗಿದ ತಲೆಯಲ್ಲಿ ಇನ್ನೂ ಒಂದು ಮಾತು ಆಡಿದೆ. ಜಪಾನಿ ಗಾಡಿ ಸಾಯುವುದಿಲ್ಲ ಅಂತ ಸಾಕ್ಷಿ ಹೇಳಿದವರೇ ಬ್ರಿಟಿಷರು. ಬಿಬಿಸಿಯ ‘ಟಾಪ್ ಗೇರ್’ ಕಾರ್ಯಕ್ರಮದವರು 2003ರಲ್ಲಿ ಒಂದು ಹಳೇ ಟೊಯೊಟಾ ಹೈಲಕ್ಸ್ ತಂದು ಸಮುದ್ರದ ಉಬ್ಬರಕ್ಕೆ ಕೊಟ್ಟರು, ಬೆಂಕಿ ಇಟ್ಟರು, ಕೊನೆಗೆ ಬಹುಮಹಡಿ ಕಟ್ಟಡದ ತುದಿಯಲ್ಲಿಟ್ಟು ಕಟ್ಟಡವನ್ನೇ ಸ್ಫೋಟಿಸಿ ಕೆಡವಿದರು. ಇಟ್ಟಿಗೆ ರಾಶಿಯಿಂದ ಎಳೆದು, ಹೊಸ ಬಿಡಿಭಾಗ ಹಾಕದೆ ಬರೀ ಸ್ಪ್ಯಾನರು ಹಿಡಿದು ಕೆಲಸ ಮಾಡಿದರು, ಸ್ಟಾರ್ಟ್ ಆಯಿತು! ನನ್ನ ಕ್ವಾಲಿಸ್ ಹುಟ್ಟಿದ ವರ್ಷವೇ.

‘ನಿಮ್ಮವರೇನು ಹರಿಶ್ಚಂದ್ರನ ಮೊಮ್ಮಕ್ಕಳಾ?’ ಅಂತ ಭಾವ ತಿರುಗಿ ಬಿದ್ದ. 2010ರ ಫೆಬ್ರವರಿಯಲ್ಲಿ ಆಕ್ಸಿಲರೇಟರ್ ಪೆಡಲಿನ ಗಲಾಟೆಗೆ ಟೊಯೊಟಾ ಮುಖ್ಯಸ್ಥ ಅಕಿಯೊ ಟೊಯೊಡಾ ಅಮೆರಿಕದ ಸಂಸತ್ತಿನ ಎದುರು ಕ್ಷಮೆ ಕೇಳಿದ್ದು, ತಕಾಟಾದವರ ಏರ್‌ಬ್ಯಾಗು ಸಿಡಿದು ಜನ ಸತ್ತು 2017ರಲ್ಲಿ ಕಂಪನಿಯೇ ದಿವಾಳಿಯಾದದ್ದು, 2023ರ ಕೊನೆಗೆ ಡೈಹಟ್ಸು ಪರೀಕ್ಷೆಯಲ್ಲಿ ಮೋಸ ಮಾಡಿ ಸಿಕ್ಕಿಬಿದ್ದದ್ದು, ಒಂದೊಂದೇ ಓದಿದ. ನಾನು ಜರ್ಮನಿಯವರ 2015ರ ಡೀಸೆಲ್ ಹೊಗೆಯ ಹಗರಣ ಎತ್ತಿದೆ. ಇಬ್ಬರ ಮೊಬೈಲ್ ಬ್ಯಾಟರಿಯೂ ಖಾಲಿಯಾಯಿತು. ಬ್ಯಾಟರಿ ಮಾತ್ರ ಎರಡೂ ಚೀನಾದ್ದು.

ಈ ಜಾತಿಜಗಳಕ್ಕೆ ಒಳಗೆ ಇಳಿದರೆ ಇನ್ನೂ ತಮಾಷೆಯಿದೆ. ‘ಮಾರುತಿ ಸ್ವಿಫ್ಟ್ ಡೀಸೆಲ್ ಅಂದ್ರೆ ಜಪಾನ್ ಇಂಜಿನ್ ಸಾರ್, ಬೆಣ್ಣೆ’ ಅಂತ ಎಷ್ಟು ಜನ ನನಗೆ ಹೇಳಿದ್ದಾರೋ. 2007ರಲ್ಲಿ ಬಂದ ಆ ಗಾಡಿಯ 1.3 ಲೀಟರ್ ಇಂಜಿನ್ ಇಟಲಿಯ ಫಿಯಟ್‌ನವರದು, ಪರವಾನಗಿ ಪಡೆದು ಮಾನೇಸರದಲ್ಲಿ ಮಾಡುತ್ತಿದ್ದರು. ಟೊಯೊಟಾದವರು 2019ರಲ್ಲಿ ತಂದ ಸುಪ್ರಾ ಸ್ಪೋರ್ಟ್ಸ್ ಕಾರಿನೊಳಗೆ ಮಿಡಿಯುವುದು ಬಿಎಂಡಬ್ಲ್ಯೂ ಎದೆ, ಹುಟ್ಟೂರು ಆಸ್ಟ್ರಿಯಾದ ಗ್ರಾಜ್. ಜಪಾನಿನ ಡೆನ್ಸೊ ಕಂಪನಿ 1953ರಲ್ಲೇ ಜರ್ಮನಿಯ ಬಾಷ್ ಹತ್ತಿರ ಕೆಲಸ ಕಲಿಯಲು ಒಪ್ಪಂದ ಮಾಡಿಕೊಂಡಿತ್ತು. ಆ ಬಾಷ್ ಯಾರು? ನಮ್ಮ ಆಡುಗೋಡಿಯ ಮೈಕೋ! 2008ರಲ್ಲಿ ಬೋರ್ಡು ಬದಲಾಯಿತೇ ಹೊರತು ಬೆಂಗಳೂರಿನವರ ಬಾಯಲ್ಲಿ ಇಂದಿಗೂ ಮೈಕೋ ಲೇಔಟೇ. ಆ ಬಾಷಿನವರೂ ಬಿಡದಿಗೆ ಕಾರ್ಖಾನೆ ತಂದರು. ಹೀಗೆ ಜರ್ಮನಿ, ಜಪಾನು ಎರಡೂ ಒಂದೇ ಊರಿನ ತಟ್ಟೆ ಇಡ್ಲಿ ತಿನ್ನುತ್ತವೆ. ಜಗಳ ನನಗೂ ಭಾವನಿಗೂ ಮಾತ್ರ. ಇನ್ನು ನಮ್ಮ ಬೀದಿಯ ಹೆಗ್ಗಣಗಳಿಗೆ ಇಂಥ ಭೇದವೇ ಇಲ್ಲ. ಯಾವ ದೇಶದ ವೈರಾದರೂ ಸಮಾನ ರುಚಿ.

ಇಷ್ಟೆಲ್ಲ ವಾದ ಮಾಡಿದರೂ ಒಳಗೊಳಗೆ ನನ್ನ ಹೊಟ್ಟೆಕಿಚ್ಚು ಹೋಗಿರಲಿಲ್ಲ. ಸತ್ಯ ಹೇಳಬೇಕೆಂದರೆ ಭಾವನ ಕಾರಿನಲ್ಲಿ ಚಿತ್ರದುರ್ಗದ ಹೆದ್ದಾರಿಯಲ್ಲಿ ಒಂದು ಸಲ ಕೂತವನಿಗೆ ನನ್ನ ಕ್ವಾಲಿಸ್ ಎತ್ತಿನಗಾಡಿ. ಅದು ನೆಲ ಕಚ್ಚಿಕೊಂಡು ಹೋಗುವ ಗತ್ತು, ತಿರುವಿನಲ್ಲಿ ಬಾಗದ ಸೊಕ್ಕು, ಆ ಬಾಗಿಲಿನ ‘ಧಪ್’! ನನ್ನದು ತಿರುವಿನಲ್ಲಿ ತುಂಬಿದ ಕೊಡದ ಹಾಗೆ ತುಳುಕುತ್ತದೆ, ಬಾಗಿಲು ಹಾಕಿದರೆ ಹಿಟ್ಟಿನ ಡಬ್ಬದ ಮುಚ್ಚಳ. ಹದಿನೈದು ವರ್ಷ ತುಂಬಿದ ಮೇಲೆ ಆರ್‌ಟಿಓದಲ್ಲಿ ನಿಲ್ಲಿಸಿ, ಎಫ್‌ಸಿ ಮಾಡಿಸಿ, ಹಸಿರು ತೆರಿಗೆ ಕಟ್ಟಿ ತಂದೆ. ಆಗಲೂ ತಪಾಸಣೆಯವರು ಒಂದು ತಪ್ಪು ಹುಡುಕಿಕೊಡಲಿಲ್ಲ. ಹುಡುಕಿದ್ದರೆ ಅದನ್ನೇ ಎರಡು ಮದುವೆಗೆ ಆಗುವಷ್ಟು ಹಿಗ್ಗಿಸುತ್ತಿದ್ದೆ.

ಹೀಗಿರುವಾಗ, ಆಷಾಢದ ಒಂದು ಬೆಳಗ್ಗೆ, ಕನಕಪುರ ರಸ್ತೆಯ ಹಂಪಿನ ಮೇಲೆ, ನನ್ನ ಕ್ವಾಲಿಸ್ ‘ಕಟಕ್’ ಅಂತು.

ಕಿವಿ ನಂಬಲಿಲ್ಲ. ಮುಂದಿನ ಹಂಪಿಗೆ ಬೇಕೆಂದೇ ಸ್ವಲ್ಪ ಜೋರಾಗಿ ಹಾಯಿಸಿದೆ. ‘ಕಟಕ್ ಕಟಕ್.’ ಎದೆ ಹಿಗ್ಗಿತು. ಸಸ್ಪೆನ್ಷನ್ನೋ, ಚಾಸಿಯೋ, ಇನ್ನೇನು ಮಹಾರೋಗವೋ! ಮನಸ್ಸಿನಲ್ಲೇ ಕಥೆ ಕಟ್ಟತೊಡಗಿದೆ. ಎಲ್ಲಿ ನಿಲುಗಡೆ ಕೊಡಬೇಕು, ಯಾವ ಭಾಗವನ್ನು ಜಿಪ್ ಕವರಿನಲ್ಲಿ ಇಟ್ಟುಕೊಳ್ಳಬೇಕು, ಎಲ್ಲ ತೀರ್ಮಾನಿಸಿಕೊಂಡೇ ಗ್ಯಾರೇಜಿಗೆ ಹೋದೆ. ಮೇಸ್ತ್ರಿಯ ಮುಖವೂ ಅರಳಿತು. ‘ಕೊನೆಗೂ ಬಂದ್ರಿ!’ ಅಂದರು. ಗಾಡಿ ಎತ್ತಿದರು, ಅಡಿಗೆ ನುಗ್ಗಿದರು, ಕಂಬಿಯಿಂದ ಅಲ್ಲಿ ಮೀಟಿದರು, ಇಲ್ಲಿ ಮೀಟಿದರು. ಏನೂ ಇಲ್ಲ. ಇಳಿಸಿದರು. ಒಳಗೆ ಕೂತು ಕುಲುಕಿದರು. ‘ಕಟಕ್.’ ಮಧ್ಯದ ಸೀಟಿನ ಕೆಳಗೆ ಮೊಣಕೈವರೆಗೂ ಕೈ ತೂರಿಸಿ, ಕಣ್ಣು ಮುಚ್ಚಿ ತಡಕಾಡಿ, ಒಂದು ವಸ್ತು ಹೊರಕ್ಕೆ ಎಳೆದರು.

ಅಡಕತ್ತರಿ. ನಮ್ಮ ಅಜ್ಜಿಯದು. ಹಿತ್ತಾಳೆಯ ಹಿಡಿ, ಹಿಡಿಯ ತುದಿಗೆ ಗಿಣಿಯ ಕೊಕ್ಕು. 2009ರಲ್ಲಿ ಶಿರಸಿ ಕಡೆಯ ಮದುವೆಯಿಂದ ಬರುವಾಗ ಕಳೆದುಹೋಯಿತೆಂದು ಅಜ್ಜಿ ಮೂರು ದಿನ ಊಟ ಬಿಟ್ಟು, ಬೀಗರ ಮನೆಯವರೇ ಕದ್ದರೆಂದು ಘೋಷಿಸಿ, ಆ ಮನೆಗೂ ಈ ಮನೆಗೂ ಎರಡು ವರ್ಷ ಹೋಗಿಬರುವುದೇ ನಿಂತುಹೋಗಿದ್ದ ಅದೇ ಅಡಕತ್ತರಿ. ಅದು ಹದಿನೈದು ವರ್ಷ ಸೀಟಿನ ಕೆಳಗಿನ ಸಂದಿಯಲ್ಲಿ ಕಚ್ಚಿಕೊಂಡು ಕೂತಿತ್ತು. ಸೀಟಿನ ಸ್ಪಂಜು ಸವೆದಾಗ ಸಡಿಲಾಗಿ ಸದ್ದು ಮಾಡಿತ್ತು. ಮೇಸ್ತ್ರಿ ಅದನ್ನು ಬಟ್ಟೆಯಲ್ಲಿ ಒರೆಸಿ ನನ್ನ ಕೈಗಿಟ್ಟು, ದುಡ್ಡು ಬೇಡ ಅಂತ ಕೈಯಾಡಿಸಿ, ಸಪ್ಪೆ ಮುಖ ಮಾಡಿಕೊಂಡು ಪಕ್ಕದ ಜರ್ಮನ್ ಗಾಡಿಯ ಕಡೆ ಹೋದರು.

ಶ್ರಾವಣದ ಮೊದಲ ಮದುವೆಗೆ ಅಡಕತ್ತರಿಯನ್ನು ಜಿಪ್ ಕವರಿಗೆ ಹಾಕಿಕೊಂಡೇ ಹೋದೆ. ಊಟವಾಗಿ ಕೈ ತೊಳೆದು ಬರುವಷ್ಟರಲ್ಲಿ ಗುಂಪು ಆಗಲೇ ಸೇರಿತ್ತು. ಭಾವ ನಡುವೆ ಕೂತು, ಅಕ್ಕನಿಂದ ಕೇಳಿಸಿಕೊಂಡ ಅದೇ ಕಥೆ ಹೇಳುತ್ತಿದ್ದ. ಅವನ ಕಥೆಯಲ್ಲಿ ಕನಕಪುರ ರಸ್ತೆ ಹೋಗಿ ಚಾರ್ಮಾಡಿ ಘಾಟಿಯಾಗಿತ್ತು, ಹಂಪು ಹೋಗಿ ಪ್ರಪಾತವಾಗಿತ್ತು, ಹೊರಗೆ ಜಡಿಮಳೆ. ಕೇಳುತ್ತಾ ನಿಂತ ನನಗೇ ಮುಂದೇನಾಯಿತೋ ಅಂತ ಜೀವ ಬಾಯಿಗೆ ಬಂತು. ನಿಲುಗಡೆಯ ಜಾಗಕ್ಕೆ ಬಂದವನು ನನ್ನ ಕಡೆ ನೋಡದೆಯೇ ಕೈ ಚಾಚಿದ.

ನಾನು ಕವರ್ ತೆಗೆದುಕೊಟ್ಟೆ.